ಎರಡು ಅರ್ಧ ಸೇರಿಸಿ ಹೊಲಿದ ಉಪವಾಸ

ಹಬ್ಬದ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ. ಅಮ್ಮನಿಗೆ ಹೊಲಿಯುವ ಕೆಲಸ. ಹೊಲಿಗೆ ಯಂತ್ರಕ್ಕೆ ಅಮ್ಮನ ಕಾಲನ್ನು ಸಹಿಸಿಕೊಳ್ಳುವ ಕೆಲಸ. ನನಗೆ ಬಟ್ಟೆಯಿಂದ ದೂರ ಇರುವ ಕೆಲಸ.

“ದೂರ ಅಂದ್ರೆ ಎಷ್ಟು ದೂರ?” ಎಂದು ಕೇಳಿದ್ದೆ.

“ಕೈ ಚಾಚಿದ್ರೂ ಕತ್ತರಿ ಸಿಗಬಾರ್ದು, ಅಷ್ಟು” ಎಂದಿದ್ದಳು ಅಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಅಮ್ಮನನ್ನು ದೂರುವಂತಿಲ್ಲ. ದರ್ಜಿಯ ಮಗಳಾಗಿ ಹುಟ್ಟಿ, ಯಂತ್ರದ ಸದ್ದನ್ನೇ ಜೋಗುಳ ಮಾಡಿಕೊಂಡು ಬೆಳೆದವಳು ನಾನು; ಆದರೂ ನನ್ನ ಕೈಗೆ ಸೂಜಿ ಬಂದರೆ ಬಟ್ಟೆ ಹೆದರುತ್ತದೆ. ತೋಳು ಕೂರಿಸು ಎಂದು ಕೊಟ್ಟರೆ ಎರಡೂ ತೋಳನ್ನು ಒಂದೇ ಬಗಲಿಗೆ ಕೂರಿಸಿದವಳು. ಕಾರಣವೂ ಇತ್ತು: ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಅಜ್ಜಿಯ ಕಥೆಯೊಂದರ ಒಂಟಿಗಣ್ಣಿನ ಕುದುರೆ ಹತ್ತಿ ಏಳು ಸಮುದ್ರದ ಆಚೆ ಹೋಗಿದ್ದೆ. ಇದನ್ನು ಹೇಳಿದ ದಿನದಿಂದ ಅಮ್ಮ ನನ್ನನ್ನು ಗಾಳಿಪಟ ಎಂದೇ ಕರೆಯುತ್ತಾಳೆ. “ದಾರ ನನ್ನ ಕೈಲಿದೆ ಅಂತ ಹೇಳ್ಕೊಳ್ಳೋದಷ್ಟೇ. ಎಲ್ಲಿ ಹಾರ್ತಿದೆಯೋ ದೇವರಿಗೇ ಗೊತ್ತು” ಎಂದು ಗಿರಾಕಿಗಳಿಗೆ ನನ್ನ ಪರಿಚಯ ಮಾಡಿಕೊಡುತ್ತಾಳೆ.

ಹಾಗಾಗಿ ಉಪವಾಸದ ತಿಂಗಳ ಕೊನೆಯ ವಾರ ನನಗೆ ಮಕ್ಕಳನ್ನು ವಹಿಸಲಾಯಿತು. ಅಕ್ಕ, ಭಾವ ಚಪ್ಪಲಿ ಅಂಗಡಿ ಇಟ್ಟಿದ್ದಾರೆ. ಈದ್ ಹತ್ತಿರ ಬಂದರೆ ಬೀದಿಯ ಕಾಲುಗಳೆಲ್ಲ ಅವರ ಅಂಗಡಿಯಲ್ಲೇ ಇರುತ್ತವೆ. ಬೆಳಿಗ್ಗೆ ಇಬ್ಬರು ಮಕ್ಕಳನ್ನು ನಮ್ಮ ಹೊಸ್ತಿಲಲ್ಲಿ ಇಳಿಸಿ ಹೋದರೆ ಮತ್ತೆ ಬರುವುದು ಕತ್ತಲಾದ ಮೇಲೆ. ದೊಡ್ಡವಳಿಗೆ ಆರು ವರ್ಷ. ಹಲ್ಲುಜ್ಜು ಎಂದರೂ ವಾದಕ್ಕೆ ನಿಲ್ಲುತ್ತಾಳೆ, ಅದಕ್ಕೇ ವಕೀಲಮ್ಮ. ಚಿಕ್ಕವನು ನಿಂತಲ್ಲಿ ನಿಲ್ಲುವವನಲ್ಲ, ಬುಗುರಿ. ಇವರಿಬ್ಬರ ಜೊತೆಗೆ ಪಕ್ಕದ ಮನೆಯ ನರ್ಸಮ್ಮನ ಮಗ. ಅವರ ಮನೆಯಲ್ಲಿ ಈ ಹಬ್ಬವಿಲ್ಲ. ಅವನಿಗೆ ಶಾಲೆಯ ರಜೆ, ಅವನಮ್ಮನಿಗೆ ರಜೆಯಿಲ್ಲದ ಆಸ್ಪತ್ರೆ, ಆದ್ದರಿಂದ ಅವನೂ ನನ್ನ ಪಾಲಿಗೆ ಬಂದ. ಯಾಕೆ ಎಂದು ಕೇಳದೆ ನೀರನ್ನೂ ಕುಡಿಯದ ಹುಡುಗ. ಯಾಕಪ್ಪ ಎಂದು ಹೆಸರಿಟ್ಟವಳು ನಾನೇ.

“ಮೂರು ಮಕ್ಕಳನ್ನ ನೋಡ್ಕೊಳ್ಳೋದು ಏನು ಮಹಾ!” ಎಂದೆ.

“ಮೂರಲ್ಲ, ನಾಲ್ಕು. ನಿನ್ನನ್ನೂ ನೋಡ್ಕೋ” ಎಂದಳು ಅಮ್ಮ.

ಮೊದಲ ದಿನವೇ ಯಾಕಪ್ಪ ಬುಡಕ್ಕೆ ಕೈ ಹಾಕಿದ. “ಅಕ್ಕಾ, ನಿಮ್ಮ ಹಬ್ಬ ಯಾವಾಗ?”

“ಚಂದ್ರ ಕಂಡ್ರೆ ಅದರ ಮಾರನೇ ದಿನ.”

“ಕಾಣದಿದ್ರೆ?”

“ಅದರ ಮಾರನೇ ದಿನ.”

“ಅಂದ್ರೆ ನಿಮಗೇ ಗೊತ್ತಿಲ್ಲ.”

“ಯಾರಿಗೂ ಗೊತ್ತಿಲ್ಲ ಕಣೋ. ಅದೇ ಮಜಾ.”

“ಯಾಕೆ, ಚಂದ್ರನ್ನ ಮೊದಲೇ ಕೇಳಿಟ್ಕೊಳ್ಳೋಕೆ ಆಗಲ್ವಾ?”

ವಕೀಲಮ್ಮ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ವಿವರಿಸಲು ನಿಂತಳು. ತಿಂಗಳೆಲ್ಲ ದೊಡ್ಡವರು ಬೆಳಕು ಹರಿಯುವ ಮುಂಚೆ ಎದ್ದು ಉಣ್ಣುತ್ತಾರೆ, ಆಮೇಲೆ ಸೂರ್ಯ ಮುಳುಗುವ ತನಕ ನೀರೂ ಇಲ್ಲ. ಚಂದ್ರ ಬಂದ ಮೇಲೆ ಹಬ್ಬ. ಸ್ನಾನ, ಹೊಸ ಬಟ್ಟೆ, ನಮಾಜು, ಆಮೇಲೆ ಸಿಕ್ಕಿದವರನ್ನೆಲ್ಲ ತಬ್ಬಿಕೊಳ್ಳುವುದು. “ಯಾರಾದ್ರೂ ಸರಿ” ಎಂದಳು. “ನೀನು ನನ್ನ ಬಣ್ಣದ ಪೆನ್ಸಿಲ್ ಮುರಿದಿದ್ರೂ ತಬ್ಕೋಬೇಕು. ಅದೇ ಕಷ್ಟ.”

ಆಡಿ ತೋರಿಸೋಣ ಎಂದೆ. ಅಮ್ಮನ ಹತ್ತಿರ ಬಟ್ಟೆಯ ಅಳತೆ ನೋಡುವ ಬೊಂಬೆಯೊಂದಿದೆ: ಕತ್ತಿನಿಂದ ಸೊಂಟದವರೆಗೆ ಮಾತ್ರ, ಕೆಳಗೆ ಮರದ ಕಾಲು. ಅದನ್ನು ಎಳೆದು ತಂದು ಹಬ್ಬದ ಅತಿಥಿ ಮಾಡಿದೆವು. ನನಗೆ ಬಟ್ಟೆ ಮುಟ್ಟುವ ಅಧಿಕಾರವಿಲ್ಲದ್ದರಿಂದ ಅತಿಥಿ ಬರಿಮೈಯಲ್ಲೇ ಬಂದರು. ಮೂವರೂ ಸಾಲಾಗಿ ನಿಂತು “ಈದ್ ಮುಬಾರಕ್” ಹೇಳಿ ತಬ್ಬಿಕೊಂಡರು. ಬುಗುರಿಗೆ ಸಿಕ್ಕಿದ್ದು ಮರದ ಕಾಲು.

“ಅಕ್ಕಾ, ತಲೆ ಇಲ್ಲದವ್ರಿಗೂ ಹಬ್ಬ ಇರತ್ತಾ?” ಎಂದ ಯಾಕಪ್ಪ.

“ನಮ್ಮನೇಲಿ ಚಿಕ್ಕಮ್ಮಂಗೂ ಇದೆ” ಎಂದಳು ವಕೀಲಮ್ಮ. ಅಮ್ಮನ ಯಂತ್ರ ಒಂದು ಕ್ಷಣ ನಿಂತು, ನಕ್ಕು, ಮುಂದೆ ಹೋಯಿತು.

ನಮಾಜಿಗೆ ಹೊರಡುವ ಮೊದಲು ಇಲ್ಲದವರಿಗೆ ಧಾನ್ಯ ಕೊಡಬೇಕು, ಅವರ ಮನೆಯಲ್ಲೂ ಹಬ್ಬವಾಗಬೇಕು ಎಂದು ಹೇಳಿಕೊಟ್ಟೆ. ಧಾನ್ಯದ ಬದಲು ಗುಂಡಿಗಳು. ಕೊಡುವವರ ಸರದಿ, ತೆಗೆದುಕೊಳ್ಳುವವರ ಸರದಿ ಎಂದು ಎಷ್ಟು ಹೇಳಿದರೂ ಬುಗುರಿ ತೆಗೆದುಕೊಳ್ಳುವವನಾಗಿಯೇ ಉಳಿದ. ಸಂಜೆ ಅವನ ಚಡ್ಡಿಯ ಜೇಬು ಕೊಡವಿದಾಗ ಅಮ್ಮನಿಗೆ ಒಂದು ಶರ್ಟಿನ ಗುಂಡಿಗಳು ಪೂರ್ತಿ ಸಿಕ್ಕವು.

ಈ ಆಟಗಳಲ್ಲಿ ನನ್ನದು ಯಾವುದೂ ಇಲ್ಲ. ಎಲ್ಲ ಅಜ್ಜಿಯವು. ಅಮ್ಮ ಹೊಲಿಯುತ್ತಿದ್ದಾಗ ನನ್ನನ್ನು ಸಾಕಿದವಳು ಅಮ್ಮನ ಅಮ್ಮ, ಈ ಅಜ್ಜಿ. ಅಮ್ಮನಿಗೆ ಹೊಲಿಗೆ ಕಲಿಸಿದವಳೂ ಅವಳೇ. ಮಗಳಿಗೆ ಸೂಜಿ ಕೊಟ್ಟಳು, ನನ್ನ ಸರದಿ ಬರುವಾಗ ಅವಳ ಕೈಯಲ್ಲಿ ಕಥೆಗಳು ಮಾತ್ರ ಉಳಿದಿದ್ದವು. ಉಪವಾಸದ ಮಧ್ಯಾಹ್ನಗಳಲ್ಲಿ, ಹಸಿವು ಮರೆಯಲಿ ಎಂದು, ಕಿಟಕಿ ಪಕ್ಕದ ಮಂಚದ ಮೇಲೆ ಕಾಲು ಚಾಚಿ ಕಥೆ ಎತ್ತಿಕೊಂಡರೆ ಹೊತ್ತು ಮುಳುಗುವುದೇ ತಿಳಿಯುತ್ತಿರಲಿಲ್ಲ.

ಈ ವರ್ಷ ಆ ಮಂಚದಿಂದ ಸದ್ದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು, ಉಪವಾಸದ ಮಾತೇ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಅಂಥವರಿಗೆ ಧರ್ಮದಲ್ಲೇ ವಿನಾಯಿತಿ ಇದೆ. ಬದಲಿಗೆ ದಿನಾ ಒಬ್ಬ ಬಡವರಿಗೆ ಊಟ ಕೊಟ್ಟರಾಯಿತು. ಅಜ್ಜಿ ಕೊಡುತ್ತಲೂ ಇದ್ದಳು. ಆದರೆ ತಾನು ಉಣ್ಣುವಾಗ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು, ಕದ್ದು ತಿನ್ನುವವರ ಹಾಗೆ. ಮಕ್ಕಳು ಕಥೆ ಕೇಳಲು ಹೋದರೆ, “ಹೊಟ್ಟೆ ತುಂಬ ಉಂಡು ಉಪವಾಸದವರ ಮನೇಲಿ ಕಥೆ ಹೇಳ್ಲಾ? ಯಾವ ಬಾಯಲ್ಲಿ ಹೇಳ್ಲಿ? ಹೋಗಿ, ಚಿಕ್ಕಮ್ಮನ್ನ ಕೇಳಿ” ಎಂದು ಸೆರಗು ಹೊದ್ದು ಮಲಗುತ್ತಿದ್ದಳು.

ಚಿಕ್ಕಮ್ಮನನ್ನು ಕೇಳಿದರೆ ಏನು ಸಿಗುತ್ತದೆ? ಕಥೆಯ ನಡುವೆ ನಾನೇ ಕಳೆದುಹೋಗುತ್ತೇನೆ. ರಾಕ್ಷಸ ಬಾಗಿಲು ಬಡಿದ ಮೇಲೆ ಅವನನ್ನು ಒಳಗೆ ಕರೆಯಬೇಕೋ ಬೇಡವೋ ಎಂದು ಯೋಚಿಸುತ್ತ ಕೂತುಬಿಡುತ್ತೇನೆ. ಮಕ್ಕಳು ಎದ್ದು ಹೋದದ್ದೂ ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ಅಜ್ಜಿಯ ಮೌನದಿಂದ ಮಕ್ಕಳಿಗಿಂತ ಹೆಚ್ಚು ಕಂಗಾಲಾದವಳು ನಾನು.

ಪರಿಹಾರ ಕಂಡುಹಿಡಿದವಳು ವಕೀಲಮ್ಮ. “ಮುತ್ತಜ್ಜಿ ಹತ್ರ ಉಪವಾಸ ಇಲ್ಲ, ಅದಕ್ಕೇ ಕಥೆ ಬರ್ತಿಲ್ಲ. ನಾವು ಒಂದು ಉಪವಾಸ ಕೊಟ್ರೆ ಕಥೆ ಬರತ್ತೆ.”

“ಕೊಡೋಕೆ ಅದೇನು ಬಿಸ್ಕತ್ತಾ?”

“ನಾನು ಮಾಡಿ ಕೊಡ್ತೀನಿ. ಪೂರ್ತಿದು. ಈದ್ ಬರೋದ್ರೊಳಗೆ.”

ಬೇಡವೆಂದೆ. ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ ಎಂದೆ. ಕಡ್ಡಾಯ ಇಲ್ಲ ಅಂದರೆ ಮಾಡಬಾರದು ಅಂತ ಅಲ್ಲವಲ್ಲ ಎಂದಳು. ಆ ರಾತ್ರಿ ಹಟ ಮಾಡಿ ನಮ್ಮಲ್ಲೇ ಉಳಿದು, ಮಾರನೇ ದಿನ ಬೆಳಕು ಹರಿಯುವ ಮುಂಚೆ ನಮ್ಮ ಜೊತೆ ಊಟ ಮಾಡಿ ಕೂತೇಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಒರಗಿ, ಕಾಲು ನೀಟಾಗಿ ಜೋಡಿಸಿಕೊಂಡು, ಮೆಲ್ಲಗೆ ಹೇಳಿದಳು: “ಚಿಕ್ಕಮ್ಮಾ, ನನಗೆ ಹಸಿವಾಗಿಲ್ಲ. ನನ್ನ ಹೊಟ್ಟೆಗೆ ಆಗಿದೆ.”

ಆಗ ನನಗೆ ಅಜ್ಜಿಯ ಹಳೆಯ ಉಪಾಯ ನೆನಪಾಯಿತು. ನಾನು ಇವಳಷ್ಟಿದ್ದಾಗ ಅರ್ಧ ದಿನಕ್ಕೇ ಸೋತು ಅತ್ತರೆ ಅಜ್ಜಿ ಹೇಳುತ್ತಿದ್ದಳು: ಇವತ್ತು ಬೆಳಗಿನ ಅರ್ಧ ಮಾಡಿದೀಯ, ಊಟ ಮಾಡು. ನಾಳೆ ಊಟ ಆದ ಮೇಲಿನ ಅರ್ಧ ಮಾಡು. ಎರಡನ್ನೂ ಸೇರಿಸಿ ಹೊಲಿದುಕೊಡ್ತೀನಿ, ಪೂರ್ತಿ ಒಂದಾಗತ್ತೆ. ಆಮೇಲೆ ಗಾಳಿಯಲ್ಲಿ ಸೂಜಿ ಆಡಿಸಿ, ಹಲ್ಲಲ್ಲಿ ದಾರ ಕಡಿದಂತೆ ಮಾಡಿ, ಇಲ್ಲದ ಉಪವಾಸವನ್ನು ಮಡಚಿ ನನ್ನ ಕೈಯಲ್ಲಿಡುತ್ತಿದ್ದಳು. ನಾನದನ್ನು ದಿಂಬಿನ ಕೆಳಗೆ ಜೋಪಾನವಾಗಿ ಇಡುತ್ತಿದ್ದೆ. ಎಷ್ಟು ವಯಸ್ಸಿನವರೆಗೆ ಎಂಬುದು ಇಲ್ಲಿ ಬೇಡ.

ವಕೀಲಮ್ಮ ಒಪ್ಪಿ ಉಂಡಳು. ಉಂಡ ಮೇಲೆ ಶಕ್ತಿ ಬಂತು. “ಎರಡು ದಿನಾನೂ ಬೆಳಗಿನ ಅರ್ಧಾನೇ ಮಾಡಿದ್ರೆ?”

“ಆಗಲ್ಲ. ಎರಡೂ ಎಡಗಾಲಿನ ಚಪ್ಪಲಿ ಆಗತ್ತೆ.”

ಚಪ್ಪಲಿ ಅಂಗಡಿಯ ಮಗಳಿಗೆ ಅದು ತಕ್ಷಣ ಅರ್ಥವಾಯಿತು. “ಸರಿ. ಹೊಲಿಯೋದು ಯಾರು?”

“ನಾನು.”

ಮೂರೂ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಹೆಸರು ಅಷ್ಟು ದೂರ ಹಬ್ಬಿತ್ತು. ಮಂಚದ ಮೇಲೆ ಅಜ್ಜಿ ಆ ಕಡೆ ತಿರುಗಿ ಮಲಗಿದ್ದಳು, ಆದರೆ ಸೆರಗು ಕಿವಿಯ ಮೇಲಿಂದ ಸರಿದಿತ್ತು.

“ಗಾಳೀಲಿ ಅಲ್ಲ ಮತ್ತೆ” ಎಂದಳು ವಕೀಲಮ್ಮ. “ಬಟ್ಟೇಲಿ. ಮುತ್ತಜ್ಜಿ ಕೈಲಿ ಹಿಡ್ಕೊಳ್ಳೋ ಹಾಗೆ.”

ದರ್ಜಿಯ ಮನೆಯ ಮಕ್ಕಳನ್ನು ಗಾಳಿಯಿಂದ ಒಪ್ಪಿಸಲಾಗುವುದಿಲ್ಲ. ನಾನೊಬ್ಬಳೇ ಹಾಗೆ ಒಪ್ಪಿದವಳು.

ಮಾರನೇ ದಿನ ಬೆಳಿಗ್ಗೆ ಕಸ ಗುಡಿಸುತ್ತಿದ್ದೆ. ಬಟ್ಟೆಯ ವಿಷಯದಲ್ಲಿ ನನಗೆ ಬಿಟ್ಟಿದ್ದ ಒಂದೇ ಕೆಲಸ ಅದು, ಅದಕ್ಕೂ ಒಂದು ಕಟ್ಟಳೆ ಇತ್ತು: ಗುಡಿಸಿದ ಚೂರುಗಳನ್ನು ಅಮ್ಮನಿಗೆ ತೋರಿಸಿಯೇ ಬುಟ್ಟಿಗೆ ಹಾಕಬೇಕು. ಕತ್ತರಿಸುವ ಮೇಜಿನ ಕೆಳಗೆ ಪೊರಕೆ ಹಾಕಿ ಎಳೆದರೆ ನವಿಲುಬಣ್ಣದ ಸ್ಯಾಟಿನ್ನಿನ ನಾಲ್ಕು ತುಂಡುಗಳು ಹೊರಬಂದವು. ನಾಲ್ಕೂ ಅರ್ಧ ಚಂದ್ರನ ಆಕಾರ. ಎರಡು ಎಡಕ್ಕೆ ಬಾಗಿವೆ, ಎರಡು ಬಲಕ್ಕೆ. ಅಂಚು ಒಂದು ನೂಲೆಳೆ ಆಚೀಚೆ ಇಲ್ಲ.

ಬುದ್ಧಿ ಇದ್ದವರಿಗೆ ಅಲ್ಲೇ ಅನುಮಾನ ಬರುತ್ತಿತ್ತು. ನನಗೆ ಬಂದದ್ದು ಆನಂದ. ಎಡದ ಅರ್ಧ, ಬಲದ ಅರ್ಧ! ಆಕಾಶದಿಂದಲೇ ಯಾರೋ ಕತ್ತರಿಸಿ ಉದುರಿಸಿದ್ದಾರೆ! ನಾನು ಅವನ್ನು ಅಮ್ಮನಿಗೆ ತೋರಿಸಲಿಲ್ಲ. ಪವಾಡಗಳನ್ನು ಯಾರಾದರೂ ದರ್ಜಿಗೆ ತೋರಿಸುತ್ತಾರೆಯೇ? ಹಿಂದಿನ ದಿನ ಬುಗುರಿ ಗುಂಡಿ ಹುಡುಕುತ್ತ ಮೇಜಿನ ಮೇಲಿನ ಬಟ್ಟೆಯ ಗಂಟೊಂದನ್ನು ಎಳೆದಿದ್ದ ಎನ್ನುವುದು ಆಮೇಲೆ ತಿಳಿದದ್ದು.

ಆ ದಿನ ಊಟದ ನಂತರ ವಕೀಲಮ್ಮ ಎರಡನೆಯ ಅರ್ಧಕ್ಕೆ ಕೂತಳು. ಯಾಕಪ್ಪನನ್ನು ಸಾಕ್ಷಿ ಮಾಡಿ ಎದುರಿಗೆ ಕೂರಿಸಿಕೊಂಡಳು. ಅವನು ಅವಳ ಬಾಯಿಯನ್ನೇ ನೋಡುತ್ತ, “ಎಂಜಲು ನುಂಗಿದ್ರೆ ಲೆಕ್ಕಕ್ಕೆ ಬರತ್ತಾ?” “ಹಲ್ಲಲ್ಲಿ ಸಿಕ್ಕಿರೋದು ಇಳಿದ್ರೆ?” ಎಂದು ಜೀವ ತಿಂದ. ಬುಗುರಿಯೂ ಉಪವಾಸವಿದ್ದ, ಒಂದು ಬಿಸ್ಕತ್ತಿನಿಂದ ಇನ್ನೊಂದು ಬಿಸ್ಕತ್ತಿನವರೆಗೆ. ಸೂರ್ಯ ಮುಳುಗಿ ಮಸೀದಿಯ ಬಾಂಗ್ ಕೇಳಿದಾಗ ವಕೀಲಮ್ಮ ಖರ್ಜೂರವನ್ನು ಬಾಯಿಗಿಡುವ ಮೊದಲು ಒಮ್ಮೆ ಮಂಚದ ಕಡೆ ನೋಡಿದಳು. ಅಜ್ಜಿ ಗೋಡೆ ನೋಡುತ್ತಿದ್ದಳು.

ಅದರ ಮರುದಿನ, ಸಂಜೆ ಚಂದ್ರ ಕಂಡರೂ ಕಾಣಬಹುದಾದ ದಿನ, ನಾನು ಅಮ್ಮನ ಕಣ್ಣು ತಪ್ಪಿಸಿ ಹೊಲಿಗೆಗೆ ಕೂತೆ. ಚಂದ ಕಾಣಲಿ ಎಂದು ಕೆಂಪು ದಾರ. ಬಾಗಿದ ಎರಡು ತುಂಡುಗಳ ತುದಿಗೆ ತುದಿ ಸೇರಿಸಿದರೆ ದುಂಡಗಿನ ಬಳೆಯಂಥದು ಬಂತು, ನಡುವೆ ದೊಡ್ಡ ತೂತು.

“ಈ ತೂತು ಯಾಕೆ?” ಎಂದ ಯಾಕಪ್ಪ.

“ಹಸಿವು ಹೊರಗೆ ಹೋಗೋಕೆ” ಎಂದೆ. ಯೋಚಿಸದೆ ಬರುವ ಉತ್ತರಗಳಲ್ಲಿ ನನ್ನ ಕೈ ಪಳಗಿದೆ.

ವಕೀಲಮ್ಮ ಹೊಲಿಗೆಯನ್ನು ಎಳೆದು ಪರೀಕ್ಷಿಸಿದಳು. ಸಡಿಲ ಎಂದಳು. ನಾನು ಗಂಟಿನ ಮೇಲೆ ಗಂಟು ಹಾಕಿದೆ, ಆ ಗಂಟು ಬಿಚ್ಚದಿರಲಿ ಎಂದು ಇನ್ನೊಂದು. ಸಮಾಧಾನವಾಯಿತು. ಬುಗುರಿ ರಂಪ ಮಾಡಿದ್ದಕ್ಕೆ ಉಳಿದ ಎರಡು ತುಂಡು ಸೇರಿಸಿ ಅವನಿಗೂ ಒಂದು ಉಪವಾಸ ಹೊಲಿದುಕೊಟ್ಟೆ. ಅವನು ಅದರ ತೂತಿನೊಳಗೆ ಬಿಸ್ಕತ್ತು ತೂರಿಸಿ ಆಚೆಯಿಂದ ತಿಂದ. ವಕೀಲಮ್ಮ ತನ್ನದನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡಳು. ಸಂಜೆ ಎಲ್ಲರೂ ಉಪವಾಸ ಬಿಡುವಾಗ ಮುತ್ತಜ್ಜಿಗೆ ಕೊಡುವುದೆಂದು ಗೊತ್ತಾಗಿತ್ತು. ನನಗೆ ನನ್ನ ಬಗ್ಗೆಯೇ ಎಷ್ಟು ಹೆಮ್ಮೆಯೆನಿಸಿತೆಂದರೆ, ಮಕ್ಕಳಿಗೆ ಹಬ್ಬ ಹೇಳಿಕೊಡುವುದು ಹೇಗೆ ಎಂದು ದೊಡ್ಡ ಸಭೆಯೊಂದರಲ್ಲಿ ನಾನು ಭಾಷಣ ಮಾಡುತ್ತಿರುವುದು ಕಣ್ಣಿಗೆ ಕಟ್ಟಿತು. ಚಪ್ಪಾಳೆಯೂ ಕೇಳಿಸಿತು.

ಚಪ್ಪಾಳೆಯ ನಡುವೆ ಅಮ್ಮನ ದನಿ: “ಕಾಲರ್ ಎಲ್ಲಿ?”

ಬಾಗಿಲಲ್ಲಿ ಬಸ್ ಡ್ರೈವರಣ್ಣನ ಮಗಳು ನಿಂತಿದ್ದಳು, ಫ್ರಾಕು ಒಯ್ಯಲು ಬಂದವಳು. ಎಂಟೊಂಬತ್ತು ವರ್ಷದ ಸಂಕೋಚದ ಹುಡುಗಿ. ಅವಳಮ್ಮನ ಮದುವೆಯ ಕಾಲದ ಬಟ್ಟೆ ಬಿಚ್ಚಿ ಅಮ್ಮ ಅವಳಿಗೆ ಫ್ರಾಕು ಮಾಡುತ್ತಿದ್ದಳು. ಬಟ್ಟೆ ಎಷ್ಟು ಬೇಕೋ ಅಷ್ಟೇ ಇತ್ತು, ಕರವಸ್ತ್ರಕ್ಕಾಗುವಷ್ಟೂ ಮಿಗುವುದಿಲ್ಲ. ಅಳತೆ ಕೊಡಲು ಬಂದ ದಿನ ಆ ಹುಡುಗಿ ಕೇಳಿದ್ದು ಒಂದೇ: “ಆಂಟಿ, ದುಂಡು ಕಾಲರ್ ಇರತ್ತಲ್ವಾ?” ಅಮ್ಮ ಗಂಟು ಬಿಚ್ಚಿದ್ದಾಳೆ, ಮೈಗೆ ತೋಳು, ನೆರಿಗೆ ಎಲ್ಲ ಹೊಲಿದಾಗಿದೆ, ಕಾಲರಿನ ತುಂಡುಗಳು ಮಾತ್ರ ಇಲ್ಲ.

ಹುಡುಕಾಟ ಶುರುವಾಯಿತು. ಎಲ್ಲರಿಗಿಂತ ಉತ್ಸಾಹದಿಂದ ಹುಡುಕಿದವಳು ನಾನು. ಮೇಜಿನ ಕೆಳಗೆ ನುಗ್ಗಿದೆ, ಬುಟ್ಟಿ ಸುರಿದೆ, ಬೊಂಬೆಯನ್ನು ಬೋರಲು ಹಾಕಿದೆ. ಇನ್ನೊಬ್ಬರ ವಸ್ತುವನ್ನು ಎಷ್ಟು ಜೋಪಾನ ಮಾಡಬೇಕು ಎಂದು ಮಕ್ಕಳಿಗೆ ನಾಲ್ಕು ಬುದ್ಧಿಮಾತನ್ನೂ ಹೇಳಿದೆ. ನನ್ನ ಮನಸ್ಸಿನಲ್ಲಿದ್ದ ಕಾಲರು ಪೂರ್ತಿ ಹೊಲಿದ ಕಾಲರು, ಯಾರದೋ ಕತ್ತಿನ ಸುತ್ತ ಕೂತಿರುವಂಥದು. ಹುಟ್ಟಿದಾಗಿನಿಂದ ದರ್ಜಿಯ ಮನೆಯಲ್ಲಿದ್ದೂ, ಕಾಲರು ಕಾಲರಾಗುವ ಮೊದಲು ಹೇಗಿರುತ್ತದೆಂದು ನಾನು ಕಣ್ಣೆತ್ತಿ ನೋಡಿರಲಿಲ್ಲ.

“ಅದಲ್ವೇ!” ಎಂದು ಅಮ್ಮ ಕೈಯಲ್ಲಿ ಗಾಳಿಯಲ್ಲೇ ಆಕಾರ ಬರೆದಳು. “ಅರ್ಧ ಚಂದ್ರನ ಹಾಗೆ ನಾಲ್ಕು ತುಂಡು. ಎರಡು ಎಡ, ಎರಡು ಬಲ. ನವಿಲುಬಣ್ಣ.”

ಯಾಕಪ್ಪ ಸಾಕ್ಷಿಯ ಕರ್ತವ್ಯ ಮರೆಯದೆ ನನ್ನ ಕಡೆ ಬೆರಳು ತೋರಿಸಿದ. ಬುಗುರಿಯ ತಲೆಯ ಮೇಲೆ ಅವನ ಉಪವಾಸ ಟೊಪ್ಪಿಯಾಗಿ ಕೂತಿತ್ತು.

ಅಮ್ಮ ಬೈಯಲಿಲ್ಲ. ಅಮ್ಮ ಬೈಯದಿದ್ದರೆ ನಾನು ನೀರಾಗುತ್ತೇನೆ. ಬುಗುರಿಯ ಟೊಪ್ಪಿ ತೆಗೆದು ಬೆಳಕಿಗೆ ಹಿಡಿದು, “ಇದು ಯಾವ ಗಂಟು ಕಣೇ? ಎಲ್ಲಿ ಕಲಿತೆ?” ಎಂದಳು.

“ನನ್ನದೇ” ಎಂದೆ.

“ಸ್ಯಾಟಿನ್ ಇದು. ಎಳೆದ್ರೆ ನೂಲು ಸರಿಯತ್ತೆ. ಕತ್ತರಿ ತುದಿ ತಾಗಿದ್ರೆ ಮುಗೀತು.” ಉಪವಾಸದ ದಿನವೆಂದು ನಾಲಿಗೆ ಬಿಗಿಹಿಡಿದಿದ್ದಳು, ಇಲ್ಲವಾದರೆ ಆ ದಿನ ನನಗೇ ಅರ್ಧಚಂದ್ರ ಪ್ರಯೋಗವಾಗಿ ಬೀದಿಯಲ್ಲಿರುತ್ತಿದ್ದೆ. “ಇನ್ನೊಂದು ಎಲ್ಲಿ?”

ವಕೀಲಮ್ಮ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಅಂಗಿ ಒತ್ತಿ ಹಿಡಿದಿದ್ದಳು. “ಇದು ಕಾಲರ್ ಅಲ್ಲ ಅಮ್ಮಮ್ಮಾ. ಇದು ನನ್ನ ಉಪವಾಸ. ಎರಡು ದಿನ ಮಾಡಿದ್ದು.”

“ಬಟ್ಟೆ ಆ ಹುಡುಗಿದು ಕಣೇ.”

“ಉಪವಾಸ ನಂದು.”

ವಾದದಲ್ಲಿ ಹುರುಳಿತ್ತು. ಆಗ ಬಾಗಿಲಲ್ಲಿದ್ದ ಹುಡುಗಿ ಫ್ರಾಕಿನ ಬೋಳು ಕತ್ತನ್ನು ನೋಡುತ್ತ, “ಇರ್ಲಿ ಬಿಡಿ ಆಂಟಿ. ಕಾಲರ್ ಇಲ್ದೇನೂ ಆಗತ್ತೆ” ಎಂದಳು. ಹೇಳಿದ ಮೇಲೆ ಮೂಗು ಎಳೆದುಕೊಂಡಳು. ವಕೀಲಮ್ಮ ಅವಳನ್ನು ನೋಡಿದಳು, ಮಂಚವನ್ನು ನೋಡಿದಳು. ಅಂಗಿಯ ಮೇಲಿನ ಹಿಡಿತ ಸ್ವಲ್ಪ ಸ್ವಲ್ಪವೇ ಬಿಟ್ಟಿತು. ಮಡಚಿದ್ದನ್ನು ಹೊರತೆಗೆದು ನನ್ನ ಮುಂದೆ ಹಿಡಿದಳು.

“ಚಿಕ್ಕಮ್ಮಾ, ಬಿಚ್ಚಿದ್ರೆ ಮತ್ತೆ ಅರ್ಧ ಅರ್ಧ ಆಗತ್ತಾ?”

ತೂತಿಗೂ ಕಾರಣ ಹೇಳಿದ್ದ ನಾನು ಈಗ ತಲೆಯಲ್ಲಿದ್ದ ಕಥೆಗಳನ್ನೆಲ್ಲ ತಡಕಾಡಿದೆ. ಅಷ್ಟೊಂದು ರಾಜಕುಮಾರಿಯರು, ಕುದುರೆಗಳು, ಸಮುದ್ರಗಳು, ಬೇಕಾದ ಹೊತ್ತಿಗೆ ಒಬ್ಬರೂ ಇಲ್ಲ.

“ಅರ್ಧ ಆಗತ್ತೆ ಅಂತ ಯಾರು ಹೇಳಿದ್ದು?”

ಮಂಚದಿಂದ ಬಂದ ದನಿ. ಅಜ್ಜಿ ಎದ್ದು ಕೂತಿದ್ದಳು, ಗೋಡೆಗೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ. “ಇಲ್ಲಿ ತಾ ಅದನ್ನ. ಕನ್ನಡಕ ಎಲ್ಲಿಟ್ಟೆ? ಮಗಳೇ, ನಿನ್ನ ಸಣ್ಣ ಸೂಜಿ ಕೊಡು. ಈ ಗಾಳಿಪಟದ ಗಂಟಿಗೆ ಕತ್ತರಿ ಆಗಲ್ಲ, ಸಮಾಧಾನ ಬೇಕು.”

ಮಕ್ಕಳು ಮಂಚಕ್ಕೆ ಮುತ್ತಿಕೊಂಡರು. ಅಜ್ಜಿ ಗಂಟನ್ನು ಸೂಜಿಯ ತುದಿಯಿಂದ ಮೆಲ್ಲನೆ ಸಡಿಲಿಸುತ್ತ ಹೇಳಿದಳು: “ನೋಡು ಮಗಾ. ಎರಡು ಅರ್ಧನ ಸೇರ್ಸಿದ್ದು ಯಾವುದು? ಬಟ್ಟೆನಾ, ದಾರನಾ?”

ವಕೀಲಮ್ಮ ಯೋಚಿಸಿದಳು. “ದಾರ.”

“ದಾರ ಯಾರದ್ದು?”

“ನಮ್ಮದು.”

“ಹಾಗಾದ್ರೆ ಬಟ್ಟೆ ಅವಳಿಗೆ ಹೋಗ್ಲಿ. ಸೇರ್ಸಿದ್ದು ನಿನ್ನ ಹತ್ರಾನೇ ಉಳೀತು.” ಕೆಂಪು ದಾರ ಒಂದೇ ಎಳೆಯಾಗಿ ಹೊರಬಂತು, ಅಲ್ಲಲ್ಲಿ ಸುರುಳಿಯಾಗಿ. ವಕೀಲಮ್ಮ ಅದನ್ನು ತೆಗೆದುಕೊಳ್ಳಲಿಲ್ಲ. “ಅದು ನಿಂಗೇ. ನಿಂಗೋಸ್ಕರಾನೇ ಮಾಡಿದ್ದು.”

“ನಂಗಾ?”

“ನಿನ್ನ ಹತ್ರ ಉಪವಾಸ ಇಲ್ಲ ಅಂತ ಕಥೆ ನಿಂತೋಗಿದೆಯಲ್ಲ.”

ಅಜ್ಜಿಯ ಸೂಜಿ ನಿಂತಿತು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಇದನ್ನೂ ನೀನೇ ಹೇಳ್ಕೊಟ್ಟಿದ್ದಾ?” ಎಂದಳು. ಇಲ್ಲವೆಂದು ತಲೆ ಆಡಿಸಿದೆ. ಹೌದೆನ್ನಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ. ನನ್ನಿಂದಾದ ಒಂದು ಒಳ್ಳೆಯ ಕೆಲಸವೆಂದು ಬರೆದಿಡಬಹುದಿತ್ತು.

ಅಜ್ಜಿ ದಾರವನ್ನು ವಕೀಲಮ್ಮನ ಬೆರಳಿಗೆ ಸುತ್ತಿದಳು. “ಒಬ್ಬರ ಉಪವಾಸ ಇನ್ನೊಬ್ಬರಿಗೆ ಆಗಲ್ಲ ಕಂದಾ. ಇದು ನಿಂದೇ. ನನ್ನಂಥ ಮುದುಕಿಗೆ ದೇವರು ಬೇರೆ ದಾರಿ ಇಟ್ಟಿದ್ದಾನೆ. ನಾನೇ ಅವನ ಮೇಲೆ ಮುನಿಸ್ಕೊಂಡು, ಉಣ್ಣೋದನ್ನ ಕಳ್ಳತನ ಮಾಡ್ಕೊಂಡು ಕೂತಿದ್ದೆ.”

“ಹಾಗಾದ್ರೆ ಕಥೆ?”

“ಕಥೆಗೆ ಉಪವಾಸ ಯಾಕೆ? ಬಾಯಿ ಇದ್ರೆ ಸಾಕು.”

“ನಿಂಗೆ ಬಾಯಿ ಇದೆ” ಎಂದ ಬುಗುರಿ, ಖಚಿತವಾಗಿ.

ಅಜ್ಜಿ ಅವನ ಬಿಸ್ಕತ್ತಿನ ಕಲೆಯ ಉಪವಾಸವನ್ನು ತೊಡೆಯ ಮೇಲೆ ಹರಡಿಕೊಂಡಳು. ಅದರ ಗಂಟುಗಳನ್ನು ನೋಡಿ ನಿಟ್ಟುಸಿರಿಟ್ಟಳು. ಆಮೇಲೆ ಶುರುಮಾಡಿದಳು, ಎಷ್ಟೋ ದಿನಗಳಿಂದ ನಾವು ಕಾದಿದ್ದ ಆ ದನಿಯಲ್ಲಿ: “ಕೇಳಿ ಮತ್ತೆ. ದೂರದ ಊರಲ್ಲಿ ಒಬ್ಬಳು ದರ್ಜಿ. ಅವಳಿಗೊಬ್ಬಳು ಮಗಳು. ಆ ಮಗಳು ಹಾಕಿದ ಗಂಟನ್ನ ಬಿಚ್ಚಿದವರಿಗೆ ಅರ್ಧ ರಾಜ್ಯ ಕೊಡ್ತೀನಿ ಅಂತ ರಾಜ ಡಂಗುರ ಹೊಡೆಸಿದ. ಏಳು ಜನ ರಾಜಕುಮಾರರು ಬಂದ್ರು…”

“ಬಿಚ್ಚಿದ್ರಾ?”

“ಎಲ್ಲಿ ಬಿಚ್ತಾರೆ! ಮೊದಲನೆಯವನ ಉಗುರು ಮುರೀತು.”

ಅಮ್ಮ ಯಂತ್ರದ ಮುಂದೆ ಕೂತು, ಬಿಚ್ಚಿ ಬಂದ ಮೊದಲ ಜೋಡಿಯನ್ನು ತಿರುಗಿಸಿ ನೋಡಿ, “ಸದ್ಯ. ಅಂಚಲ್ಲೇ ಹೊಲಿದಿದ್ದಾಳೆ. ಸೂಜಿ ತೂತೆಲ್ಲ ಹೊಲಿಗೆ ಒಳಗೆ ಹೋಗತ್ತೆ” ಎಂದಳು. “ಜನ್ಮದಲ್ಲಿ ಮೊದಲ್ನೇ ಸಲ ನಿನ್ನ ಸೂಜಿ ಸರಿಯಾದ ಜಾಗದಲ್ಲಿ ಬಿದ್ದಿದೆ.” ಇದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ. ಬಿಸ್ಕತ್ತಿನ ಕಲೆ ಎಷ್ಟು ಒರೆಸಿದರೂ ಹೋಗಲಿಲ್ಲ. ಆ ಎರಡು ತುಂಡುಗಳನ್ನು ಕಾಲರಿನ ಒಳಪದರ ಮಾಡಿ, ಕಲೆಯನ್ನು ಒಳಮಗ್ಗುಲಿಗೆ ಹಾಕಿ ಮುಚ್ಚಿದಳು.

ಫ್ರಾಕು ಮುಗಿಯುವಾಗ ಇನ್ನೂ ಬಿಸಿಲಿತ್ತು. ಹುಡುಗಿ ಅಲ್ಲೇ ಹಾಕಿ ನೋಡಿ, ಕನ್ನಡಿಯ ಮುಂದೆ ಕತ್ತನ್ನು ಅತ್ತ ಇತ್ತ ತಿರುಗಿಸಿದಳು. ಬುಗುರಿ ಅವಳ ಹತ್ತಿರ ಹೋಗಿ ಗುಟ್ಟು ಹೇಳುವವನಂತೆ ಜೋರಾಗಿ ಹೇಳಿದ: “ಅದರೊಳಗೆ ನನ್ನ ಉಪವಾಸ ಇದೆ.” ಅವಳು ಕಾಲರನ್ನು ಮುಟ್ಟಿ ನೋಡಿಕೊಂಡಳು. ವಕೀಲಮ್ಮ ದಾರದ ಬೆರಳನ್ನು ಎತ್ತಿ ತೋರಿಸಿದಳು. “ನಂದು ಇಲ್ಲಿದೆ. ನಿಂದು ಬರೀ ಬಟ್ಟೆ. ಆದ್ರೂ ಚೆನ್ನಾಗಿದೆ.”

ಆ ಸಂಜೆ ಬಾಂಗ್ ಕೇಳಿದಾಗ ಅಜ್ಜಿ ನಮ್ಮೆಲ್ಲರ ಜೊತೆ ಚಾಪೆಯ ಮೇಲೆ, ಮುಖ ನಮ್ಮ ಕಡೆಗಿಟ್ಟೇ ಕೂತಿದ್ದಳು. ಅಮ್ಮ ಎರಡು ಗುಟುಕು ನೀರು ಕುಡಿದು, ನಮಾಜು ಮುಗಿಸಿ ಉಳಿದ ಬಟ್ಟೆಗಳ ಕಡೆ ಓಡಿದಳು. ಓಡುತ್ತ ನನಗೊಂದು ಕೆಲಸ ಒಪ್ಪಿಸಿದಳು, ನನ್ನಿಂದ ಕೆಡಿಸಲು ಆಗದ ಕೆಲಸವೆಂದು ನಂಬಿ: “ಬಾಗಿಲಲ್ಲಿ ನಿಂತ್ಕೊಂಡು ಪಡುವಣಕ್ಕೆ ನೋಡ್ತಿರು. ಚಂದ್ರ ಕಂಡ ಕೂಡ್ಲೇ ಕೂಗು. ಇವತ್ತೇ ಕಂಡ್ರೆ ಎಲ್ಲ ಬಟ್ಟೆನೂ ಈಗ್ಲೇ ಇಸ್ತ್ರಿ ಆಗ್ಬೇಕು.”

ನಿಂತೆ. ಪಡುವಣಕ್ಕೇ ಮುಖ ಮಾಡಿ ನಿಂತೆ. ಬೀದಿಯ ತುಂಬ ಜನ ಕತ್ತೆತ್ತಿ ನಿಂತಿದ್ದರು. ಒಳಗೆ ಅಜ್ಜಿ, “ಐದನೆಯವನು ಸ್ವಲ್ಪ ಬುದ್ಧಿವಂತ. ಅವನು ಗಂಟನ್ನ ಮುಟ್ಲೇ ಇಲ್ಲ. ಆ ಹುಡುಗಿ ಹತ್ರ ಹೋಗಿ, ನಿನಗೇ ನೆನಪಿದ್ಯಾ ಹೇಗೆ ಹಾಕ್ದೆ ಅಂತ, ಅಂದ…” ಎಂದಳು.

ಯಾರೋ ನನ್ನ ಅಂಗಿ ಜಗ್ಗುತ್ತಿದ್ದರು. ಯಾಕಪ್ಪ. ಅವನ ಕೆನ್ನೆ ಕೆಂಪಾಗಿತ್ತು, ಬೀದಿಯೆಲ್ಲ ಗದ್ದಲ, ಒಳಗೆ ಅಮ್ಮ ಇಸ್ತ್ರಿಪೆಟ್ಟಿಗೆ ಎಳೆಯುತ್ತ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು.

“ಅಕ್ಕಾ! ಚಂದ್ರ ಬಂದು ಎಷ್ಟೊತ್ತಾಯ್ತು! ಎಲ್ಲರೂ ನೋಡಿದ್ರು, ನಾನೂ ನೋಡ್ದೆ! ಅದರ ಕಡೆಗೇ ಮುಖ ಮಾಡ್ಕೊಂಡು ನಿಂತಿದೀರ, ನೀವೊಬ್ಬರೇ ಯಾಕೆ ನೋಡ್ಲಿಲ್ಲ?”

“ತಡಿಯೋ” ಎಂದೆ. “ಆ ಹುಡುಗಿಗೆ ನೆನಪಿತ್ತೋ ಇಲ್ವೋ, ಅದನ್ನ ಕೇಳ್ಬಿಡೋಣ.”